ಮನೆ ಅಂತ ಬರೀಬೇಕಿತ್ತು

“ಹದಿನಾಲ್ಕು ಹೆಜ್ಜಿ ನೆಟ್ಟಗ. ಆಮ್ಯಾಲ ಬಲಕ್ಕ. ಅಲ್ಲೇ ಅದ ನಿಮ್ಮ ಕುರ್ಚಿ” ಎಂದು ಗಂಡನ ಕಿವಿಯಲ್ಲಿ ಹೇಳಿ ದೇವಕಮ್ಮ ಆಫೀಸಿನ ಬಾಗಿಲಲ್ಲಿ ಅವನ ಕೈಬಿಟ್ಟಳು. ಶನಿವಾರವೇ ಏನೋ ನೆವ ಹೇಳಿ ಬಂದು ಹೆಜ್ಜೆ ಎಣಿಸಿಕೊಂಡು ಹೋಗಿದ್ದಳು. “ಇವತ್ತು ಬರೇ ಆಟ ಊಟ ಅಂತ. ಇದೊಂದು ದಿನ ದಾಟಲಿ. ನಾಳಿಗಿ ನಾನೇ ಸುಮಲತಾ ಅಕ್ಕಾರ ಕಾಲು ಹಿಡೀತೀನಿ, ಮನ್ಯಾಗೇ ಕೆಲಸ ಕೊಡ್ರಿ ಅಂತ.”

ಅಂಬ್ರಪ್ಪ ಎಣಿಸುತ್ತ ಒಳಗೆ ಹೋದ. ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದು ಎರಡು ವರ್ಷವಾಗಿತ್ತು. ಶಹಾಪುರದ ಆ ಆಫೀಸಿನಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಕೊರೊನಾ ಕಾಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಮನೆ ಸೇರಿದ್ದ ನೌಕರರೆಲ್ಲ ಇವತ್ತೇ ಮರಳಿ ಬರುತ್ತಿದ್ದುದು. ಊರೂರ ಮನೆಗಳ ಸರ್ವೆ ಫಾರಂ ನೋಡಿ ಟೈಪು ಮಾಡುವುದು ಅಲ್ಲಿಯ ಕೆಲಸ. ಈ ಎರಡು ವರ್ಷ ಅಂಬ್ರಪ್ಪನ ಹೆಸರಿನಲ್ಲಿ ಅದನ್ನು ಮಾಡಿದವಳು ಏಳನೆಯ ತರಗತಿ ಓದಿದ ದೇವಕಮ್ಮ.

ಜನ ನಗುನಗುತ್ತ ಆಫೀಸಿಗೆ ಬರುವಂತೆ ಮಾಡಿ ಎಂದು ಹೆಡ್ ಆಫೀಸಿನಿಂದ ಆದೇಶ ಬಂದಿತ್ತು. ನಗುವುದು ಹೇಗೆ ಎಂಬುದಕ್ಕೆ ಜೊತೆಗೆ ಆರು ಪುಟ ಸೂಚನೆ! ಅದರಂತೆ ಮೇಲ್ವಿಚಾರಕಿ ಸುಮಲತಾ ಬಲೂನು ಕಟ್ಟಿಸಿದ್ದಳು, ಬಾಗಿಲ ಎದುರಿನ ಗೋಡೆಗೆ ‘ಆಫೀಸು ನಮ್ಮ ಮನೆ’ ಎಂದು ದೊಡ್ಡ ಬ್ಯಾನರು ಹಾಕಿಸಿದ್ದಳು. ಹೆಡ್ ಆಫೀಸಿನ ಸಾಹೇಬರು ತಾವೇ ನಿಂತು ಆಟ ಆಡಿಸಿದರು. “ಎದುರಿಗೆ ಇರುವವರ ಮುಖ ಚೆನ್ನಾಗಿ ನೋಡಿ. ಇಷ್ಟು ದಿನದಲ್ಲಿ ಏನು ಬದಲಾಗಿದೆ, ಹೇಳಿ!”

ಒಬ್ಬರು ದಪ್ಪ ಆಗಿದ್ದರು, ಒಬ್ಬರಿಗೆ ಕೂದಲು ಉದುರಿತ್ತು. ನಗೆಯೋ ನಗೆ. ಅಂಬ್ರಪ್ಪನ ಎದುರಿಗೆ ಬಂದವಳು ಹಳೆಯ ಜೊತೆಗಾತಿ ಮಜೀದಾ.

“ನಮಸ್ಕಾರ ಅಂಬ್ರಣ್ಣ” ಎಂದಳು.

ಅವನು ದನಿ ಬಂದತ್ತ ಕಿವಿ ತಿರುಗಿಸಿದ. “ನಿನ್ನ ದನಿ ಸಣ್ಣ ಆಗ್ಯಾದಲ್ಲವಾ ಮಜೀದಾ. ಮೊದಲ ಆಫೀಸ್ ತುಂಬ ಕೇಳ್ತಿತ್ತು. ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲ?”

ಮಜೀದಾಳ ತಾಯಿ ತೀರಿಕೊಂಡು ಎರಡು ತಿಂಗಳಾಗಿತ್ತು. ಬೆಳಗಿನಿಂದ ಯಾರೊಬ್ಬರೂ ಕೇಳಿರಲಿಲ್ಲ. ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತೇಬಿಟ್ಟಳು.

“ನೋಡಿದಿರಾ? ನಮಗೆ ಬೇಕಾದದ್ದು ಇದೇ!” ಎಂದು ಸಾಹೇಬರು ಹಿಗ್ಗಿ ಬಹುಮಾನದ ಪೆನ್ನು ಅವನ ಮುಂದೆ ಚಾಚಿದರು. ಅಂಬ್ರಪ್ಪ ಕೈ ನೀಡಿದ. ಕೈ ಪೆನ್ನಿನ ಎಡಕ್ಕೆ ಹೋಯಿತು. ಗಾಳಿಯಲ್ಲಿ ತಡಕಿ ಮತ್ತೆ ಬಲಕ್ಕೆ ಬಂತು. ಚಪ್ಪಾಳೆ ನಿಂತಿತು.

ಸಾಹೇಬರು ಕೆಟ್ಟವರಲ್ಲ, ಕೂಗಾಡಲಿಲ್ಲ. “ಹಾಗಾದರೆ ಇಷ್ಟು ದಿನ ಕೆಲಸ ಮಾಡಿದವರು ಯಾರು?” ಎಂದು ಕೇಳಿದರು. “ನನ್ನ ಹೆಂಡ್ತಿರಿ” ಎಂದ ಅಂಬ್ರಪ್ಪ. “ಲ್ಯಾಪ್‌ಟಾಪ್ ತೆಗೆದುಕೊಂಡು ಕಳಿಸಿಬಿಡಿ” ಎಂದು ಸುಮಲತಾಗೆ ಮೆಲ್ಲಗೆ ಹೇಳಿ ಮುಂದಿನ ಆಟಕ್ಕೆ ಹೋದರು.

ಬುತ್ತಿ ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ ದೇವಕಮ್ಮ, ಗಂಡನನ್ನು ಸುಮಲತಾ ಕೈಹಿಡಿದು ಕರೆತರುವುದನ್ನು ಕಂಡಾಗಲೇ ಎಲ್ಲ ತಿಳಿದುಕೊಂಡಳು. ಪಕ್ಕದಲ್ಲಿಟ್ಟುಕೊಂಡಿದ್ದ ಲ್ಯಾಪ್‌ಟಾಪಿನ ಚೀಲ ಎತ್ತಿ ಕೊಟ್ಟಳು.

ಸುಮಲತಾಗೆ ತಡೆಯಲಾಗಲಿಲ್ಲ. “ನನಗ ಮೊದಲೇ ಗೊತ್ತಿತ್ತು ದೇವಕಮ್ಮ. ಅಂಬ್ರಣ್ಣ ಎಂದೂ ‘ಮನೆ’ ಅನ್ನೂದಕ್ಕ ‘ಮನಿ’ ಅಂತ ಬರದಾಂವಲ್ಲ. ಎರಡು ವರ್ಷ ಆತು, ಮನಿ ನಂಬರ, ಮನಿ ಯಜಮಾನ ಅಂತ ಬರಾಕತ್ತಿತ್ತು. ದಿನಾ ಕೂತು ನಾನೇ ತಿದ್ದೀನಿ.”

ಕೆಲಸ ಹೋದದ್ದಕ್ಕೆ ಬಾರದ ನೀರು ಈಗ ದೇವಕಮ್ಮನ ಕಣ್ಣಿಗೆ ಬಂತು. “ಅಷ್ಟೂ ತಪ್ಪಾಗಿತ್ತೇನ್ರಿ ಅಕ್ಕಾರ? ಒಂದು ಮಾತು ಹೇಳಿದ್ರ ಕಲೀತಿದ್ನಲ್ರಿ.”

“ಹೇಳಿದ್ರ ನನಗ ಗೊತ್ತದ ಅಂತ ಆಗ್ತಿತ್ತಲ್ಲವಾ.”

ತೆರೆದ ಬಾಗಿಲಿನಾಚೆ ಬಲೂನುಗಳ ನಡುವೆ ಬ್ಯಾನರು ಕಾಣುತ್ತಿತ್ತು. ದೇವಕಮ್ಮ ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಓದಿದಳು. ಕೊನೆಯ ಪದಕ್ಕೆ ಬಂದು ನಿಂತಳು.

“ಹೌದು ಬಿಡ್ರಿ, ಮನೆ ಅಂತ ಬರೀಬೇಕಿತ್ತು” ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕೈಹಿಡಿದಳು. “ನಡೀರಿ, ಮನಿಗಿ ಹೋಗಮ್.”