ಬೇರೆ ತಾಟು

ಪೇಂಟಿಗೆ ಬೆರೆಸುವ ಥಿನ್ನರ್ ವಾಸನೆ ಬಂದರೆ ಈಗಲೂ ನನಗೆ ಹಸಿವಾಗುತ್ತದೆ.

ತಾಯಿ ತೀರಿಕೊಂಡ ಮೇಲೆ ನಮ್ಮೂರು ಮಟಕಿಯಿಂದ ಆಳಂದದ ಸೋದರತ್ತೆಯ ಮನೆಗೆ ಬಂದಿದ್ದೆ. ಅತ್ತೆಯ ಮಕ್ಕಳೆಲ್ಲ ಒಂದೇ ದೊಡ್ಡ ತಾಟಿನಲ್ಲಿ ಕೂಡಿ ಉಣ್ಣುತ್ತಿದ್ದರು. ನನಗೆ ಮಾತ್ರ ಬೀಗರಿಗೆ ಬಡಿಸುವಂತೆ ಬೇರೆ ತಾಟು, ಮೇಲೆ ಹೆಚ್ಚು ತುಪ್ಪ.

ಒಂದು ಮಧ್ಯಾಹ್ನ ಪೇಂಟರ್ ಚಾಚಾ ಅಂಗಳದಲ್ಲಿ ಮಾವನ ಹಳೆಯ ಕಾರಿನ ಬಾಗಿಲಿನ ತುಕ್ಕು ಉಜ್ಜಿ, ತೂತಿಗೆ ತೇಪೆ ಹಾಕಿದ್ದರು. ಬಿಸಿಲಿಗೆ ಮಾಸಿದ ಕಾರಿನದೇ ಬಿಳುಪು ಬರುವವರೆಗೆ ಹೊಸ ಬಿಳಿ ಬಣ್ಣಕ್ಕೆ ಹನಿಹನಿಯಾಗಿ ಹಳದಿ ಬೆರೆಸಿದರು. ಆಮೇಲೆ ತೇಪೆಯ ಅಂಚು ದಾಟಿ, ಸುತ್ತಲಿನ ಹಳೆಯ ಬಣ್ಣದ ಮೇಲೂ ತೆಳ್ಳಗೆ ಹೊಡೆಯತೊಡಗಿದರು.

“ಚಲೋ ಇದ್ದಲ್ಲಿ ಯಾಕ ಹೊಡ್ಯಾಕತ್ತೀರಿ ಚಾಚಾ?” ಎಂದು ಅತ್ತೆ ಕೇಳಿದಳು.

“ತ್ಯಾಪಿಗಷ್ಟೇ ಹೊಡದ್ರ, ಎಷ್ಟ ಚಂದ ಹೊಡದ್ರೂ ಅದು ಬ್ಯಾರೇನೇ ಕಾಣ್ತದ ಅಕ್ಕಾ. ಹಳೇದ್ರಾಗ ಕೂಡಸ್ಬೇಕ್ರಿ.”

ಅತ್ತೆ ನನ್ನ ಕಡೆ ತಿರುಗಿ ನೋಡಿ, ಒಳಗೆ ಹೋದಳು.

ಊಟಕ್ಕೆ ಕೂತಾಗ ನನ್ನ ತಾಟು ಕಾಣಲಿಲ್ಲ. “ಲೇ, ಸರದ ಕುಂಡ್ರಿ. ಆಕಿಗೂ ಜಾಗಾ ಬಿಡ್ರಿ” ಎಂದು ಅತ್ತೆ ಮಕ್ಕಳನ್ನು ಗದರಿದಳು. ಅಂಗಳದಿಂದ ಥಿನ್ನರ್ ವಾಸನೆ ಬರುತ್ತಲೇ ಇತ್ತು. ದೊಡ್ಡ ತಾಟಿನಲ್ಲಿ ತುಪ್ಪ ಯಾರ ಬೆರಳಿಗೆ ಹತ್ತಿತೋ ಕಾಣೆ. ಆ ಮನೆಗೆ ಬಂದ ಮೇಲೆ ಮೊದಲ ಸಲ ನಾನು ಬಾಯಿಬಿಟ್ಟು ಇನ್ನೊಂದು ರೊಟ್ಟಿ ಕೇಳಿದೆ.