ಹಸಿವಿಲ್ಲದ ಮಗು

ಬೆಳಿಗ್ಗೆ ಶುರುವಾದ ಕಾಲೇಜಿನ ಸಂವಾದ ಮಧ್ಯಾಹ್ನ ದಾಟಿದರೂ ಮುಗಿದಿರಲಿಲ್ಲ. ಹದಿಹರೆಯದ ತಾಯಿಯೊಬ್ಬಳ ಕಷ್ಟದ ಬಗ್ಗೆ ಕಾದಂಬರಿ ಬರೆದು ಪ್ರಶಸ್ತಿ ಪಡೆದ ಲೇಖಕಿ ವೇದಿಕೆಯಲ್ಲಿದ್ದರು. ಕೊನೆಯ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿ ಆ ಪುಸ್ತಕವನ್ನು ಎದೆಗೆ ಅವಚಿಕೊಂಡು ಎದ್ದು ನಿಂತಳು.

"ಇದನ್ನ ಓದಿ ನಂಗೆ ಮೈಯೆಲ್ಲ ಉರೀತು, ಮೇಡಂ."

"ಯಾಕಮ್ಮಾ?"

"ಇಡೀ ಪುಸ್ತಕದಲ್ಲಿ ಅವಳು ಅಳ್ತಾಳೆ, ಕವಿತೆ ಬರೀತಾಳೆ, ಕಿಟಕಿ ಹತ್ರ ನಿಂತ್ಕೋತಾಳೆ. ಮಗು ಮಾತ್ರ ಒಂದ್ಸಲಾನೂ ಹಸಿದು ಕಿರುಚಲ್ಲ. ಅದೇನು ಗೊಂಬೇನಾ?"

ಸಭೆ ನಕ್ಕಿತು. ಲೇಖಕಿಯ ಮುಖ ಕೆಂಪಾಯಿತು.

"ಅಂಥ ಹುಡುಗೀರನ್ನ ಕಂಡ್ರೆ ನಿನಗೆ ಅಸಹ್ಯ. ಅದನ್ನ ನೇರವಾಗಿ ಹೇಳು. ಅವರ ಸಂಕಟ ನಿನ್ನಂಥೋರಿಗೆ ಅರ್ಥ ಆಗ್ಲಿ ಅಂತಾನೇ ನಾನು ಬರೆದದ್ದು."

"ಸುಳ್ಳು ಬರೆದಿದ್ದೀರಿ."

"ಸಾಕು, ಹೊರಗೆ ನಡಿ!" ಪ್ರಾಂಶುಪಾಲರು ಗದರಿದರು. "ಪುಸ್ತಕ ಇಲ್ಲಿಟ್ಟು ಹೋಗು. ಅದು ಲೈಬ್ರರಿದು."

ಅವಳು ಮುಂದೆ ಬಂದು ಪುಸ್ತಕವನ್ನು ಲೇಖಕಿಯ ಎದುರಿಗಿಟ್ಟಳು. ರಕ್ಷಾಪುಟದ ಮೇಲೆ ಅಳುತ್ತಿದ್ದ ಹುಡುಗಿಯ ಚಿತ್ರ ಎದೆಹಾಲಿನಲ್ಲಿ ನೆನೆದಿತ್ತು.