ಕೊನೇ ಮನೆಯ ನಲ್ಲಿ

ಕೇಳು ತಂಗೀ, ನಮ್ಮ ಮಾಜಿ ಮಂತ್ರಿ ಆರಾಧ್ಯರು ಈಗ ತಾನೇ ಊರಿಗೆ ಹೊರಟ್ರು. ನಿನಗೇ ಗೊತ್ತಲ್ಲ, ಬಡಾವಣೆಯ ಕಡತಕ್ಕೆ ಸಹಿ ಹಾಕಿದವರ ಕಾಲು, ಅಲ್ಲಿನ ಕೊನೇ ಮನೆಗೆ ನೀರು ಬರೋವರೆಗೂ ಗಡಿಕಲ್ಲು ದಾಟೋದಿಲ್ಲ. ನಮ್ಮ ಕಡತಕ್ಕೆ ಸಹಿ ಹಾಕಿ ಉದ್ಘಾಟನೆಗೆ ಅಂತ ಬಂದೋರು ಆರು ವರ್ಷ ಇಲ್ಲೇ ಉಳಿದ್ರು. ಪ್ರಾಧಿಕಾರಕ್ಕೆ ದಿನಾ ಫೋನು ಮಾಡೋರು. "ಕಡತ ಮೇಲಿದೆ ಸಾರ್" ಅಂತ ಅವರಿಗೂ ಅದೇ ಉತ್ತರ. ಮೊದಲು ನಾನು ಅವರನ್ನ ಬಾಯಿಗೆ ಬಂದಂಗೆ ಬೈದೆ, ಬಿಂದಿಗೆ ಹೊರಿಸಿದೆ. ಆಮೇಲೆ ದಿನಾ ಸಂಜೆ ಇಬ್ಬರೂ ಕೂತು ಚೌಕಾಬಾರ ಆಡಿದ್ವಿ.

ಕೊನೇ ಮನೆ ನಮ್ದೇ. ಇವತ್ತು ಬೆಳಿಗ್ಗೆ ನಲ್ಲಿ ಗೊರಗೊರ ಅಂತು. ನೀರು ಬೀಳೋ ಮುಂಚೇನೇ ನಾನು ತಿರುಪಿ ಮುಚ್ಚಿ ಸುಮ್ನಾಗ್ಬಿಟ್ಟೆ.

ಅವರು ಬ್ಯಾಗು ಹಿಡ್ಕೊಂಡು ಕಲ್ಲಿನ ಹತ್ರ ನಿಂತಿದ್ರು. ಮೊಮ್ಮಗಳು ಹುಟ್ಟಿ ಐದು ವರ್ಷ, ಒಂದ್ಸಲಾನೂ ಎತ್ಕೊಂಡಿಲ್ಲ. ಕಾಲು ಏಳಲೇ ಇಲ್ಲ.

"ಪೈಪು ಹಾಕಿ ಆಯ್ತು ಅಂದ್ರಲ್ಲ ಕೆಂಪಣ್ಣ, ನಿಮ್ಮನೆಗೆ ನೀರು ಬಂತೇನ್ರಿ?"

"ಬಂದಿದ್ರೆ ಹೇಳ್ತಿರ್ಲಿಲ್ವಾ ಸ್ವಾಮಿ?"

ಅವರು ಬ್ಯಾಗಿಂದ ಒಂದು ಕುಲಾವಿ ತೆಗೆದು ನೋಡಿದ್ರು. ಅವಳು ಹುಟ್ಟಿದಾಗ ತರಿಸಿದ್ದು. "ಹೆಂಗೂ ಇದು ಚಿಕ್ಕದಾಗಿರತ್ತೆ ಬಿಡಿ. ಸಂಜೆ ಆಟಕ್ಕೆ ಬನ್ನಿ," ಅಂದ್ರು.

ನನಗೆ ತಡೀಲಿಲ್ಲ. ಮನೆಗೆ ಓಡಿ ನಲ್ಲಿ ಬಿಟ್ಟೆ. ಬಾಗಿಲಿಗೆ ಬಂದು ನೋಡಿದ್ರೆ, ಅವರು ಕಲ್ಲಿನ ಆಚೆ ನಿಂತು ಕೈ ಬೀಸ್ತಾ ಇದ್ರು.

ಬಕೆಟ್ಟು ತುಂಬಿ ಅಂಗಳಕ್ಕೆಲ್ಲಾ ಹರೀತಿದೆ. ಅವರು ಬಸ್ಸು ಹತ್ತೋವರೆಗೂ ನಾನಂತೂ ನಿಲ್ಲಿಸಲ್ಲ ಕಣೇ. ಮತ್ತೆ ಅವರ ಕಾಲು ಏಳದೇ ಹೋದ್ರೆ?